ಮಂಬುರಂಗೆ ಮರಳಲಾಗದ ಸೈಯದ್ ಫಝಲ್ ತಂಙಳ್

ಮಂಬುರಂ ಝಿಯಾರತ್‌ಗೆ ಹೋಗದ ಬ್ಯಾರಿ ಮನೆಗಳು ಕಡಿಮೆ. ಸಲಾಂ ಹೇಳಿ, ಯಾಸೀನ್ ಓದಿ, ದುಆ ಮಾಡಿ ಬರುತ್ತೇವೆ. ಅಲ್ಲಿ ಮಲಗಿರುವುದು ಸೈಯದ್ ಅಲವಿ ತಂಙಳ್. ಅವರ ಮಗ ಸೈಯದ್ ಫಝಲ್ ಪೂಕೋಯ ತಂಙಳರ ಖಬರ್ ಎಲ್ಲಿದೆ ಅಂತ ಮಕ್ಕಳು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದು ಇಸ್ತಾಂಬುಲ್‌ನಲ್ಲಿದೆ.

ಅಷ್ಟು ದೂರ ಯಾಕೆ ಅಂತ ತಿಳಿಯಬೇಕಾದರೆ ಆ ಕಾಲವನ್ನು ತಿಳಿಯಬೇಕು. 1792ರಲ್ಲಿ ಮಲಬಾರ್ ಟಿಪ್ಪು ಸುಲ್ತಾನರ ಕೈಯಿಂದ ಕಂಪೆನಿಗೆ ಹೋಯಿತು. 1799ರಲ್ಲಿ ನಮ್ಮ ಕೆನರಾ ಜಿಲ್ಲೆಯೂ ಹೋಯಿತು. ಕಂಪೆನಿ ಮಲಬಾರಿನ ಜನ್ಮಿಗಳನ್ನೇ ಭೂಮಿಯ ಮಾಲಕರೆಂದು ಒಪ್ಪಿತು. ಗೇಣಿ ಏರಿತು, ಬಡ ಮಾಪಿಳ್ಳೆ ಒಕ್ಕಲುಗಳನ್ನು ಎಬ್ಬಿಸಿದರು.

ಯಮನಿನ ತರೀಮ್‌ನಿಂದ ಬಂದಿದ್ದ ಅಲವಿ ತಂಙಳ್ 1844ರ ಸುಮಾರಿಗೆ ವಫಾತಾದರು. ಆಗ ಫಝಲ್ ತಂಙಳರಿಗೆ ಇಪ್ಪತ್ತರ ಆಸುಪಾಸು. ಮಕ್ಕಾದಲ್ಲಿದ್ದು ಊರಿಗೆ ಬಂದ ಮೇಲೆ ಅವರು ಬಡವರಿಗೆ ಮಾನ ಕಲಿಸಿದರು. ಜನ್ಮಿಯ ಎಂಜಲು ತಿನ್ನಬೇಡಿ, ಅವನೆದುರು ನಿಮ್ಮನ್ನು ನೀವೇ ಹೀನ ಮಾಡಿಕೊಳ್ಳಬೇಡಿ ಎಂಬುದೇ ಅವರ ಉಪದೇಶ.

1849ರಲ್ಲಿ ಮಂಜೇರಿ, 1851ರಲ್ಲಿ ಕೊಳತ್ತೂರಿನಲ್ಲಿ ದಂಗೆಗಳಾದವು, ರಕ್ತ ಹರಿಯಿತು. ತಂಙಳರೇ ಕಾರಣವೆಂದು ಸರಕಾರ ಸಂಶಯಪಟ್ಟಿತು. ಆದರೆ ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ಇರಲಿಲ್ಲ, ಬಂಧಿಸಲು ಧೈರ್ಯವೂ ಬರಲಿಲ್ಲ. ಅವರನ್ನು ಹಿಡಿಯುತ್ತಾರಂತೆ ಎಂಬ ಸುದ್ದಿಗೇ ತಿರೂರಂಗಾಡಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಕೊನೆಗೆ ಕಲೆಕ್ಟರ್ ಕೊನೊಲಿ ಊರು ಬಿಡುವಂತೆ ಒತ್ತಾಯಿಸಿದ.

ತಂಙಳರು ಒಂದು ಮಾತು ಹೇಳಿದ್ದರೆ ಆ ಜನ ಪ್ರಾಣ ಕೊಡಲು ತಯಾರಿದ್ದರು. ಅವರು ಆ ಮಾತು ಹೇಳಲಿಲ್ಲ. 1852ರ ಮಾರ್ಚ್ 19ರಂದು ಮನೆಯವರು ಮತ್ತು ಸೇವಕರೆಲ್ಲ ಸೇರಿ 57 ಮಂದಿಯೊಂದಿಗೆ ಅರೇಬಿಯಾಕ್ಕೆ ಹಡಗು ಹತ್ತಿದರು. ಬೀಳ್ಕೊಡಲು ಸಾವಿರಾರು ಜನ ಕಡಲ ತೀರಕ್ಕೆ ಬಂದಿದ್ದರು.

1855ರಲ್ಲಿ ಕೊನೊಲಿಯ ಕೊಲೆಯಾಯಿತು. ಮರಳುವ ಬಾಗಿಲು ಮುಚ್ಚಿದಂತೆಯೇ ಆಯಿತು. ತಂಙಳರು 1876ರಿಂದ ಮೂರು ವರ್ಷ ಒಮಾನ್ ಕಡೆಯ ಝುಫಾರ್ ಆಳಿದರು. ಅಲ್ಲಿನ ಗೋತ್ರಗಳು ತಿರುಗಿಬಿದ್ದ ಮೇಲೆ ಇಸ್ತಾಂಬುಲ್‌ನಲ್ಲಿ ಸುಲ್ತಾನ್ ಅಬ್ದುಲ್ ಹಮೀದರ ಆಶ್ರಯದಲ್ಲಿದ್ದರು. ಊರಿಗೆ ಬರಲು ಅನುಮತಿ ಕೇಳಿದರೂ ಬ್ರಿಟಿಷರು ಕೊಡಲಿಲ್ಲ. 1900ರಲ್ಲಿ ಅಲ್ಲೇ ವಫಾತಾದರು.

ಹಿರಿಯರ ಹೆಸರು ನಮಗೆ ಬಾಯಿಪಾಠ. ಅವರು ಪಟ್ಟ ಪಾಡು ಮಾತ್ರ ಗೊತ್ತಿಲ್ಲ. ಮುಂದಿನ ಸಲ ಮಂಬುರಂಗೆ ಹೋದಾಗ ತಂದೆಯ ಖಬರಿನ ಪಕ್ಕ ಕೂತು, ಬರಲಾಗದ ಆ ಮಗನ ಹೆಸರಿಗೂ ಒಂದು ಫಾತಿಹಾ ಓದೋಣ. ಯಾಕೆಂದು ಮಕ್ಕಳಿಗೂ ಹೇಳೋಣ.