ವಚನಗಳಿಗೆ ಸಾಕ್ಷ್ಯ ಅರಸಿದ ಶರಣಜೀವಿ: ಡಾ. ಫ.ಗು. ಹಳಕಟ್ಟಿ

ಬಸವಾದಿ ಶರಣರ ವಚನಗಳು ಇಂದು ನಮ್ಮ ಮನೆಮನೆಗಳಲ್ಲಿ ಪಠಣವಾಗುತ್ತಿದ್ದರೆ, ಅದರ ಹಿಂದೆ ಮಹನೀಯರೊಬ್ಬರ ಜೀವಮಾನದ ತಪಸ್ಸಿದೆ. ಅವರೇ ವಚನ ಪಿತಾಮಹರೆಂದು ನಾಡು ಗೌರವಿಸುವ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಉಚ್ಚ ಶಿಕ್ಷಣ ಪಡೆದು, ವಿಜಯಪುರದಲ್ಲಿ ವಕೀಲರಾಗಿ ನೆಲೆಸಿದರು. ಆ ಕಾಲದಲ್ಲಿ ವಚನಗಳು ಮಠಮನೆಗಳ ತಾಡವೋಲೆಯ ಕಟ್ಟುಗಳಲ್ಲಿ ಅಡಗಿದ್ದವು. ಜನರು ಅವುಗಳನ್ನು ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ವಿರಳವಾಗಿದ್ದರು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಸಂಗ್ರಹಿಸಿದರು.

ಒಂದೇ ವಚನ ಪ್ರತಿಯಿಂದ ಪ್ರತಿಗೆ ಬೇರೆಯಾಗುವುದುಂಟು. ಲಿಪಿಕಾರನ ಕೈತಪ್ಪಿನಿಂದ ಅಕ್ಷರ ಬಿದ್ದಿರಬಹುದು. ಒಬ್ಬ ಶರಣರ ನುಡಿ ಮತ್ತೊಬ್ಬರ ಅಂಕಿತದಲ್ಲಿ ಸೇರಿರಬಹುದು. ಬಹುಕಾಲ ಕೇಳಿದ್ದನ್ನು ಶಂಕಿಸಲು ಮನಸ್ಸು ಒಪ್ಪುವುದಿಲ್ಲ. ಶಂಕಿಸಿದರೆ ಭಕ್ತಿಗೆ ಕುಂದೆಂಬ ಅಳುಕೂ ಇರುತ್ತದೆ. ನ್ಯಾಯಾಲಯದಲ್ಲಿ ಸಾಕ್ಷ್ಯದ ಬೆಲೆ ಅರಿತಿದ್ದ ಹಳಕಟ್ಟಿಯವರು ಪ್ರತಿಗಳನ್ನು ಹೋಲಿಸಿ ನೋಡುವುದನ್ನೇ ಭಕ್ತಿಯಾಗಿಸಿಕೊಂಡರು.

1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾಯಿತು. ಮುದ್ರಣಕ್ಕಾಗಿ ಸ್ವಂತ ಮನೆಯನ್ನೇ ಮಾರಿ, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ಆರಂಭಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರತಂದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಅವರಿಗೆ ಸಂದಿತು. ಕೆಲವೇ ಹೆಸರುಗಳು ತಿಳಿದಿದ್ದಲ್ಲಿ ಇನ್ನೂರಕ್ಕೂ ಮಿಕ್ಕ ವಚನಕಾರರು ಬೆಳಕಿಗೆ ಬಂದರು.

1930ರಲ್ಲಿ ಅವರು ‘ಶೂನ್ಯಸಂಪಾದನೆ’ಯನ್ನು ಪ್ರಕಟಿಸಿದರು. ಆ ಗ್ರಂಥದುದ್ದಕ್ಕೂ ನಡೆಯುವುದು ಶರಣರ ಸಂವಾದ. ಅಲ್ಲಮಪ್ರಭುದೇವರು ಪ್ರಶ್ನಿಸುತ್ತಾರೆ, ಸಿದ್ಧರಾಮೇಶ್ವರರು, ಅಕ್ಕಮಹಾದೇವಿಯವರು ಉತ್ತರಿಸುತ್ತಾರೆ. ಅಲ್ಲಿ ಪ್ರಶ್ನೆ ಎದುರಿನವರನ್ನು ಸೋಲಿಸುವುದಕ್ಕಲ್ಲ, ಇಬ್ಬರ ಅರಿವನ್ನೂ ಬೆಳಗುವುದಕ್ಕೆ. ಶಂಕೆಯನ್ನು ಮುಂದಿಟ್ಟವರು ವೈರಿಗಳಾಗುವುದಿಲ್ಲ.

1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ನಾಡು ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತದೆ.

ಇಂದು ಶಿರಗುಪ್ಪಿಯಂಥ ನಮ್ಮ ಊರುಗಳಲ್ಲೂ ಮೊಬೈಲಿನಲ್ಲಿ ಬಸವಣ್ಣನವರ ಹೆಸರು ಹೊತ್ತು, ಅವರದಲ್ಲದ ಮಾತುಗಳು ಬರುತ್ತವೆ. ಹೆಸರು ಪೂಜ್ಯವಾದುದರಿಂದ ನಂಬುತ್ತೇವೆ. ಹತ್ತು ಸಲ ಕಂಡದ್ದರಿಂದ ನಿಜವೆಂದುಕೊಳ್ಳುತ್ತೇವೆ. ಮನಕ್ಕೆ ಹಿತವಾದುದರಿಂದ ಮುಂದೆ ಕಳುಹಿಸುತ್ತೇವೆ. ಕಳುಹಿಸುವ ಮುನ್ನ ಗ್ರಂಥ ತೆರೆದು ನೋಡೋಣ, ತಿಳಿದವರನ್ನು ಕೇಳೋಣ, ತಪ್ಪಿದ್ದವರಿಗೆ ಮನ ನೋಯದಂತೆ ತಿಳಿಸೋಣ. ಮನೆ ಮಾರಿ ವಚನ ಉಳಿಸಿದ ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಇದೇ.