ಧ್ವಜ ಹಿಡಿದು ನಡೆದ ಡಾಕ್ಟರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಹಳೆಯ ವಿದ್ಯಾರ್ಥಿಗಳ ಸಂಘದ ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ತರಗತಿಯ ಕೊಠಡಿಯಲ್ಲ, ಶಾಲೆಯ ಹಿಂದಿನ ಮೈದಾನ. ನಾನು 2004ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಗ ಇಡೀ ಶಾಲೆಗೆ ಇದ್ದದ್ದು ಒಂದೇ ಫುಟ್‌ಬಾಲ್. ಅದರ ಗಾಳಿ ಇಳಿದಾಗಲೆಲ್ಲ ಪಿ.ಟಿ. ಮೇಷ್ಟ್ರು ನಮ್ಮಲ್ಲಿ ಒಬ್ಬನನ್ನು ಸೈಕಲ್ ಶಾಪಿಗೆ ಓಡಿಸುತ್ತಿದ್ದರು. ಬೂಟು ಯಾರ ಹತ್ತಿರವೂ ಇರಲಿಲ್ಲ. ಒಂಬತ್ತನೇ ತರಗತಿಯಲ್ಲಿ ನಾನು ತಾಲ್ಲೂಕು ಮಟ್ಟದಲ್ಲಿ ಆಡಿದ್ದೆ. ಹತ್ತಕ್ಕೆ ಬಂದ ಕೂಡಲೇ ಮನೆಯಲ್ಲೂ ಹೊರಗೂ ಎಲ್ಲರದೂ ಒಂದೇ ಮಾತು, ಇನ್ನು ಆಟ ಸಾಕು, ಓದಿಕೋ ಅಂತ. ನಾನೂ ಬಿಟ್ಟೆ. ಪಿಯುಸಿ ಆಯಿತು, ಬಿ.ಇ. ಆಯಿತು, ಬೆಂಗಳೂರಿನಲ್ಲಿ ಕೆಲಸವೂ ಸಿಕ್ಕಿತು. ಮತ್ತೆ ಚೆಂಡು ಮುಟ್ಟಲಿಲ್ಲ.

ಈ ಕಥೆಯನ್ನು ಒಂದು ದಿನ ಟೀ ಕುಡಿಯುವಾಗ ಆಫೀಸಿನಲ್ಲಿ ಪಕ್ಕದ ಸೀಟಿನವನಿಗೆ ಹೇಳಿದೆ. ಅವನು ನಾಗಾಲ್ಯಾಂಡಿನವನು. ಎಲ್ಲ ಕೇಳಿಸಿಕೊಂಡು, ತಮ್ಮ ಕಡೆಯ ಡಾಕ್ಟರೊಬ್ಬರ ಹೆಸರು ಹೇಳಿದ. ನನಗೆ ಆ ಹೆಸರೇ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಏಕೆಂದರೆ ಸ್ವತಂತ್ರ ಭಾರತ ಆಡಿದ ಮೊದಲ ಒಲಿಂಪಿಕ್ಸ್‌ನಲ್ಲಿ ನಮ್ಮ ಫುಟ್‌ಬಾಲ್ ತಂಡದ ನಾಯಕರು ಅವರು: ಡಾ. ತಾಲಿಮೆರೆನ್ ಆವೊ. ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ತಾಲಿಮೆರೆನ್ ಹುಟ್ಟಿದ್ದು 1918ರ ಜನವರಿ 28ರಂದು, ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ. ಆವೊ ಎಂಬುದು ಅವರ ಬುಡಕಟ್ಟಿನ ಹೆಸರು. ಆಗ ಆ ಪ್ರದೇಶ ಅಸ್ಸಾಮಿಗೆ ಸೇರಿತ್ತು. ತಂದೆ ಇಂಪುರ್ ಎಂಬ ಊರಿನ ಚರ್ಚಿನಲ್ಲಿ ಪಾದ್ರಿ. ಮಿಷನ್ ಶಾಲೆಯಲ್ಲಿ ಓದು, ಆಟಕ್ಕೆ ಬರಿಗಾಲು. ಹುಡುಗ ಹದಿಹರೆಯದಲ್ಲಿದ್ದಾಗ ತಂದೆ ಟೈಫಾಯ್ಡ್ ಬಂದು ತೀರಿಕೊಂಡರು. ಮಗ ಡಾಕ್ಟರಾಗಬೇಕು, ತನ್ನ ಜನರ ನಡುವೆಯೇ ಇದ್ದು ಅವರ ಸೇವೆ ಮಾಡಬೇಕು ಎಂಬುದು ಅವರ ಆಸೆಯಾಗಿತ್ತು. ಮುಂದಿನ ನಲವತ್ತು ವರ್ಷ ತಾಲಿಮೆರೆನ್ ಬದುಕಿದ್ದು ಈ ಒಂದು ಮಾತಿಗೆ ಕಟ್ಟುಬಿದ್ದು.

ಜೋರ್ಹಾಟಿನಲ್ಲಿ ಹೈಸ್ಕೂಲು, ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಮುಂದಿನ ಓದು. ಅಲ್ಲಿ ಮಹಾರಾಣಾ ಕ್ಲಬ್ಬಿಗೂ ಆಡಿದರು. ಎತ್ತರದ ಆಳು, ಗಟ್ಟಿ ಮೈಕಟ್ಟು. 1942ರಲ್ಲಿ ಕಲ್ಕತ್ತೆಯ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿಗೆ ಸೇರಿದರು. ಆರ್.ಜಿ. ಕರ್ ಮೆಡಿಕಲ್ ಕಾಲೇಜು ಎಂದು ನಾವೆಲ್ಲ ಕೇಳಿರುವುದು ಅದನ್ನೇ. ಮರುವರ್ಷವೇ ಮೋಹನ್ ಬಗಾನ್ ಕ್ಲಬ್ಬು ಅವರನ್ನು ಸೇರಿಸಿಕೊಂಡಿತು. ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ಎಂದರೆ ಬರೀ ಕ್ಲಬ್ಬಲ್ಲ. 1911ರಲ್ಲಿ ಬಹುಪಾಲು ಬರಿಗಾಲಿನಲ್ಲೇ ಆಡಿ ಇಂಗ್ಲಿಷ್ ರೆಜಿಮೆಂಟಿನ ತಂಡವನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದ ತಂಡ ಅದು.

ಮೊದಲು ಮುಂದೆ ನಿಂತು ಗೋಲು ಹೊಡೆಯುತ್ತಿದ್ದ ತಾಲಿಮೆರೆನ್ ಇಲ್ಲಿ ಹಿಂದಕ್ಕೆ ಸರಿದು ಹಾಫ್‌ಬ್ಯಾಕ್ ಆದರು. ಆಗಿನ ಆಟದಲ್ಲಿ ಗೋಲ್‌ಕೀಪರ್ ಮುಂದೆ ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್. ನಡುವಿನ ಹಾಫ್ ಎಂದರೆ ಇಡೀ ತಂಡದ ಬೆನ್ನೆಲುಬು. ಎದುರಾಳಿಯ ದಾಳಿಯನ್ನು ಮುರಿಯುವುದೂ ಅವನೇ, ಚೆಂಡನ್ನು ನಮ್ಮ ಫಾರ್ವರ್ಡ್‌ಗಳಿಗೆ ಮುಟ್ಟಿಸುವುದೂ ಅವನೇ. ಈಗಿನವರು ಡಿಫೆನ್ಸಿವ್ ಮಿಡ್‌ಫೀಲ್ಡರ್ ಎನ್ನುತ್ತಾರೆ. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ ಬ್ಯಾಕೆಂಡ್ ಕೆಲಸ. ಸರಿಯಾಗಿ ನಡೆದರೆ ಯಾರೂ ಗಮನಿಸುವುದಿಲ್ಲ, ನಿಂತುಹೋದರೆ ಎಲ್ಲರೂ ಬೈಯುತ್ತಾರೆ.

ಅವರು ಕಲ್ಕತ್ತೆಯಲ್ಲಿದ್ದ ಆ ವರ್ಷಗಳು ಎಂಥವು ಎಂಬುದನ್ನೂ ನೆನೆಯಬೇಕು. 1943ರ ಬಂಗಾಳದ ಭೀಕರ ಬರಗಾಲ. 1944ರಲ್ಲಿ ಜಪಾನಿನ ಸೈನ್ಯ ಕೊಹಿಮಾದವರೆಗೆ, ಅಂದರೆ ಅವರ ತವರಿನ ಬಾಗಿಲಿಗೇ ಬಂದಿತ್ತು. 1946ರಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಕೋಮುಗಲಭೆ. ಇದರ ನಡುವೆ ಆ ಹುಡುಗ ಅನಾಟಮಿ ಓದುತ್ತಿದ್ದ, ಪ್ರಾಕ್ಟೀಸಿಗೆ ಹೋಗುತ್ತಿದ್ದ. ನಾನು ಹತ್ತನೇ ತರಗತಿಯ ಗಣಿತಕ್ಕೆ ಹೆದರಿ ಮೈದಾನ ಬಿಟ್ಟೆ ಎಂದು ಹೇಳಿಕೊಳ್ಳುವುದಕ್ಕೆ ಈಗ ಕಷ್ಟವಾಗುತ್ತದೆ.

1948ರ ಲಂಡನ್ ಒಲಿಂಪಿಕ್ಸ್‌ಗೆ ಅವರು ಫುಟ್‌ಬಾಲ್ ತಂಡದ ನಾಯಕರಾದರು. ಜುಲೈ 29ರಂದು ವೆಂಬ್ಲಿ ಮೈದಾನದಲ್ಲಿ ಉದ್ಘಾಟನೆ. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಆ ದಿನ ಭಾರತದ ತ್ರಿವರ್ಣ ಧ್ವಜವನ್ನು ಹಿಡಿದು ಮುಂದೆ ನಡೆದವರು ತಾಲಿಮೆರೆನ್. ಆ ಒಲಿಂಪಿಕ್ಸ್ ಎಂದರೆ ನಮಗೆ ಹಾಕಿಯ ಚಿನ್ನ ಮಾತ್ರ ನೆನಪಿದೆ. ಧ್ವಜ ಹಿಡಿದವರು ಫುಟ್‌ಬಾಲ್ ತಂಡದ ನಾಗಾ ನಾಯಕರು ಎಂಬುದು ನನ್ನ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಆ ತಂಡದಲ್ಲಿ ನಮ್ಮವರೂ ಇದ್ದರು. ಎರಡು ವರ್ಷದ ಹಿಂದೆ ಸಂತೋಷ್ ಟ್ರೋಫಿ ಗೆದ್ದಿದ್ದ ಮೈಸೂರಿನ ಆಟಕ್ಕೆ ಆಗ ದೊಡ್ಡ ಹೆಸರಿತ್ತು. ಗೋಲ್‌ಕೀಪರ್ ವರದರಾಜ್, ಫಾರ್ವರ್ಡ್‌ಗಳಾದ ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಇವರೆಲ್ಲ ಬೆಂಗಳೂರಿನವರು.

ಮೊದಲ ಸುತ್ತಿನಲ್ಲಿ ಆಡಬೇಕಿದ್ದ ಬರ್ಮಾ ಹಿಂದೆ ಸರಿಯಿತು. ಜುಲೈ 31ರಂದು ಲಂಡನ್ ಪಕ್ಕದ ಇಲ್ಫರ್ಡಿನಲ್ಲಿ ಫ್ರಾನ್ಸ್ ಎದುರು ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಇಳಿದರು. ಕೆಲವರು ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದರು. ಇದನ್ನು ಬಡತನ ಎಂದು ಕನಿಕರದಿಂದ ಹೇಳುವವರಿದ್ದಾರೆ. ಬರಿಗಾಲಲ್ಲಿ ಆಡಿ ಬೆಳೆದ ನನಗೆ ಹಾಗನ್ನಿಸುವುದಿಲ್ಲ. ಕಾಲಿಗೆ ಚೆಂಡಿನ ಗುರುತು ಸಿಗುವುದು ಹಾಗೆಯೇ. ಅರ್ಧ ಗಂಟೆಯ ಹೊತ್ತಿಗೆ ಫ್ರಾನ್ಸ್ ಒಂದು ಗೋಲು ಹೊಡೆಯಿತು. ಎಪ್ಪತ್ತನೇ ನಿಮಿಷದಲ್ಲಿ ನಮ್ಮ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ಭಾರತಕ್ಕೆ ಆ ದಿನ ಎರಡು ಪೆನಾಲ್ಟಿ ಸಿಕ್ಕಿದವು. ಒಂದನ್ನು ಶೈಲೆನ್ ಮನ್ನಾ, ಇನ್ನೊಂದನ್ನು ಮಹಾಬೀರ್ ಪ್ರಸಾದ್ ಒದ್ದರು, ಎರಡೂ ಗೋಲಾಗಲಿಲ್ಲ. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹಾಕಿ 2-1ರಿಂದ ಗೆದ್ದಿತು. ಆದರೂ ಅಲ್ಲಿ ಸೇರಿದ್ದ ಜನ ಮೆಚ್ಚಿಕೊಂಡದ್ದು ಬರಿಗಾಲಿನ ತಂಡವನ್ನು.

ಇಂಗ್ಲೆಂಡಿನ ಅರ್ಸೆನಲ್ ಕ್ಲಬ್ಬು ಅವರನ್ನು ಅಲ್ಲೇ ಉಳಿಯುವಂತೆ ಕರೆದಿತ್ತು, ಅವರು ಒಪ್ಪಲಿಲ್ಲ ಎಂದು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ನನಗೆ ಆ ಕಥೆಗಿಂತ ದೊಡ್ಡದಾಗಿ ಕಾಣುವುದು ಆಮೇಲೆ ನಡೆದದ್ದು. ದೇಶದ ನಾಯಕನಾಗಿ ಒಲಿಂಪಿಕ್ಸ್ ಆಡಿದವರು ವಾಪಸ್ಸು ಬಂದು ಮೆಡಿಕಲ್ ಕಾಲೇಜಿನ ಬೆಂಚಿನ ಮೇಲೆ ಕೂತರು. ಎಂ.ಬಿ.ಬಿ.ಎಸ್. ಮುಗಿಸಿದ್ದು 1950ರಲ್ಲಿ, ಮೂವತ್ತೆರಡನೇ ವಯಸ್ಸಿಗೆ. ಕಾಲೇಜಿಗೆ ಸೇರಿ ಎಂಟು ವರ್ಷವಾಗಿತ್ತು. ತಡವಾಯಿತು ಎನ್ನಬಹುದು. ಓದನ್ನೂ ಬಿಡಲಿಲ್ಲ, ಆಟವನ್ನೂ ಬಿಡಲಿಲ್ಲ. ಬಿಟ್ಟುಕೊಟ್ಟದ್ದು ಒಂದೆರಡು ವರ್ಷ ಅಷ್ಟೇ. ಹತ್ತನೇ ತರಗತಿಯಲ್ಲಿ ಇಂಥದ್ದೊಂದು ಲೆಕ್ಕ ಸಾಧ್ಯ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಭಾರತಕ್ಕೆ ಆಡುತ್ತಿದ್ದೆ ಎಂದಲ್ಲ, ಸಂಜೆ ಐದಕ್ಕೆ ಮೈದಾನಕ್ಕಾದರೂ ಹೋಗುತ್ತಿದ್ದೆ.

1952ರ ಹೊತ್ತಿಗೆ ಕ್ಲಬ್ಬಿನ ಆಟ ಮುಗಿಸಿದರು. ಕಲ್ಕತ್ತೆಯಲ್ಲೇ ಉಳಿದಿದ್ದರೆ ಹೆಸರಿತ್ತು, ರೋಗಿಗಳು ತಾವಾಗಿಯೇ ಬರುತ್ತಿದ್ದರು. ಅವರು ಹೋದದ್ದು ಕೊಹಿಮಾದ ಸಿವಿಲ್ ಆಸ್ಪತ್ರೆಗೆ, ಅಸಿಸ್ಟೆಂಟ್ ಸಿವಿಲ್ ಸರ್ಜನ್ ಆಗಿ. ಐವತ್ತರ ದಶಕದ ನಾಗಾ ಬೆಟ್ಟಗಳು ನೆಮ್ಮದಿಯ ಜಾಗವಾಗಿರಲಿಲ್ಲ. ಬಂಡಾಯ, ಸೈನ್ಯ, ಸುಟ್ಟ ಹಳ್ಳಿಗಳು. ತ್ರಿವರ್ಣ ಹಿಡಿದು ವೆಂಬ್ಲಿಯಲ್ಲಿ ನಡೆದ ಮನುಷ್ಯ ಅಂಥ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. 1963ರಲ್ಲಿ ನಾಗಾಲ್ಯಾಂಡ್ ರಾಜ್ಯವಾಯಿತು. ಮುಂದೆ ಆ ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. ತೀರಿಕೊಂಡದ್ದು 1998ರ ಸೆಪ್ಟೆಂಬರ್ 13ರಂದು, ಎಂಬತ್ತು ವರ್ಷ ತುಂಬಿ.

2009ರಲ್ಲಿ ಈಶಾನ್ಯ ರಾಜ್ಯಗಳ ನಡುವೆ ಡಾ. ಟಿ. ಆವೊ ಟ್ರೋಫಿ ಎಂಬ ಫುಟ್‌ಬಾಲ್ ಪಂದ್ಯಾವಳಿ ಶುರುವಾಯಿತು. ಟ್ರೋಫಿಯ ಹೆಸರಿನಲ್ಲೂ ಆ ‘ಡಾಕ್ಟರ್’ ಉಳಿದುಕೊಂಡಿರುವುದು ನನಗೆ ಇಷ್ಟವಾಯಿತು.

ಮಹೋತ್ಸವದ ತಯಾರಿ ಸಭೆಗೆಂದು ಕಳೆದ ತಿಂಗಳು ಶಾಲೆಗೆ ಬಂದಿದ್ದೆ. ಹಿಂದಿನ ಮೈದಾನ ಹಾಗೇ ಇದೆ. ಒಂದು ಕಡೆಯ ಗೋಲ್ ಕಂಬ ವಾಲಿದೆ. ನಮ್ಮ ಬ್ಯಾಚಿನವರು ಸೇರಿ ಅದನ್ನು ನಿಲ್ಲಿಸಿಕೊಡುವುದೆಂದು ಮಾತಾಗಿದೆ. ಆರು ಚೆಂಡು ಮತ್ತು ಒಂದು ಗಾಳಿ ಪಂಪನ್ನು ನಾನು ತರುತ್ತೇನೆ.