ಸಾಲಿಗೆ ಕೊಂಡಿ ಹಾಕಿದ ನೈಗಾರ್ಡ್

ಕಂಪ್ಯೂಟರ್ ತರಗತಿಯಲ್ಲಿ ನಾವು ಬರೆಯುವ ಕ್ಲಾಸ್, ಆಬ್ಜೆಕ್ಟ್‌ಗಳ ಹಿಂದೆ ನಾರ್ವೆಯ ಕ್ರಿಸ್ಟೆನ್ ನೈಗಾರ್ಡ್ ಇದ್ದಾರೆ. ಅವರು 1926ರಲ್ಲಿ ಓಸ್ಲೋದಲ್ಲಿ ಹುಟ್ಟಿದರು. ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಓಲೆ-ಯೋಹಾನ್ ಡಾಲ್ ಜೊತೆ ಸೇರಿ ಸಿಮುಲಾ 67 ಭಾಷೆ ರೂಪಿಸಿದರು.

ಅದರಲ್ಲಿ ಕ್ಯೂ ತೋರಿಸಲು ಲಿಂಕೇಜ್ ಎಂಬ ಮೂಲ ಕ್ಲಾಸ್ ಇದೆ. ಸಾಲಿನಲ್ಲಿ ನಿಂತವನು ಲಿಂಕ್, ಸಾಲಿನ ತಲೆ ಹೆಡ್. ಎರಡೂ ಲಿಂಕೇಜಿನ ಮಕ್ಕಳು. ಪ್ರತಿಯೊಂದೂ ತನ್ನ ಹಿಂದೆ ಮುಂದೆ ಯಾರೆಂದು ಗುರುತಿಟ್ಟುಕೊಳ್ಳುತ್ತದೆ. ಕೊನೆಯವನ ನಂತರ ಮತ್ತೆ ಹೆಡ್ ಬರುವುದರಿಂದ ಆ ಗುರುತು ಲಿಂಕಿನದಾದರೆ ಸಾಲದು, ಮೂಲ ಕ್ಲಾಸಿನದೇ ಆಗಬೇಕು. ಒಂದರೊಳಗೆ ಇನ್ನೊಂದು ಇಡೀ ಆಬ್ಜೆಕ್ಟನ್ನೇ ಇಟ್ಟರೆ ಅದಕ್ಕೆ ಕೊನೆಯೇ ಇಲ್ಲ. ಆದ್ದರಿಂದ ವಿಳಾಸ ಮಾತ್ರ ಇಡುತ್ತಾರೆ. ನಾವು ಜರ್ನಲಿನಲ್ಲಿ ಲೆಡ್ಜರಿನ ಪುಟಸಂಖ್ಯೆ ಬರೆಯುತ್ತೇವೆ, ಖಾತೆಯನ್ನೇ ತಂದು ಅಂಟಿಸುವುದಿಲ್ಲವಲ್ಲ, ಹಾಗೆ.

2001ರ ಟ್ಯೂರಿಂಗ್ ಪ್ರಶಸ್ತಿ ಇಬ್ಬರಿಗೂ ಬಂತು. 2002ರ ಜೂನ್‌ನಲ್ಲಿ ಡಾಲ್, ಆಗಸ್ಟ್‌ನಲ್ಲಿ ನೈಗಾರ್ಡ್ ತೀರಿಕೊಂಡರು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ವಿಷಯ. 1970ರ ದಶಕದಲ್ಲಿ ನೈಗಾರ್ಡ್ ಲೋಹ ಕಾರ್ಮಿಕರ ಸಂಘದೊಡನೆ ದುಡಿದರು. ಕಾರ್ಖಾನೆಗೆ ಕಂಪ್ಯೂಟರ್ ಬರುವಾಗ ಕಾರ್ಮಿಕರ ಮಾತೂ ನಡೆಯಬೇಕು ಎಂಬುದು ಅವರ ನಿಲುವು. ಸಾಲಿನ ಲೆಕ್ಕ ಬಲ್ಲವರು ಸಾಲಿನಲ್ಲಿ ನಿಂತವರನ್ನು ಮರೆಯಲಿಲ್ಲ.